ಕಲ್ಲು ಬೆಳೆಯುವ ಬಗೆ

ಕಲ್ಲು ಬೆಳೆಯುತ್ತದೆಯೇ? ಉತ್ತರ ಕರ್ನಾಟಕದ ಎರೆಹೊಲ ಉತ್ತವರನ್ನು ಕೇಳಿ. ಕಪ್ಪು ಮಣ್ಣಿನಲ್ಲಿ ಬಿಳಿ ಸುಣ್ಣದ ಹರಳುಗಳು ಸಿಗುತ್ತವೆ. ಮಳೆನೀರು ಮಣ್ಣಿನ ಸುಣ್ಣವನ್ನು ಕರಗಿಸಿಕೊಂಡು ಇಳಿಯುತ್ತದೆ. ಬೇಸಿಗೆಯಲ್ಲಿ ನೀರು ಆರಿ ಸುಣ್ಣ ಉಳಿಯುತ್ತದೆ. ಇದ್ದ ಹರಳು ಇನ್ನಷ್ಟು ದಪ್ಪವಾಗುತ್ತದೆ. ಹಿಂದಿಯವರು ಇದನ್ನು ಕಂಕರ್ ಎನ್ನುತ್ತಾರೆ, ಭೂವಿಜ್ಞಾನಿಗಳೂ ಅದೇ ಹೆಸರು ಉಳಿಸಿಕೊಂಡಿದ್ದಾರೆ.

ಹೀಗೆ ಬೆಳೆದ ಗಟ್ಟಿಗಳಿಗೆ ಇಂಗ್ಲಿಷಿನಲ್ಲಿ ಕಾಂಕ್ರಿಷನ್ ಎಂದು ಹೆಸರು. ಲ್ಯಾಟಿನ್ ಮೂಲದ ಅರ್ಥ ‘ಕೂಡಿ ಬೆಳೆಯುವುದು’. ಬಿಲ್ಡರುಗಳ ಕಾಂಕ್ರೀಟ್ ಇದರ ದಾಯಾದಿ. ನ್ಯೂಜಿಲೆಂಡಿನ ಮೊಯೆರಾಕಿ ತೀರದಲ್ಲಿ 2 ಮೀಟರ್ ಅಡ್ಡಳತೆಯ ದುಂಡು ಗುಂಡುಗಳಿವೆ. ಅವು ಬೆಳೆಯಲು 40 ಲಕ್ಷ ವರ್ಷಗಳಾದರೂ ಬೇಕಾದವಂತೆ.

ವೈದ್ಯರಿಗೂ ಈ ಪದ ಬೇಕು. ಕಳೆದ ವರ್ಷ 4 ಮಿ.ಮೀ. ಕಲ್ಲೊಂದು ನನ್ನನ್ನು ರಾತ್ರಿಯಿಡೀ ನೆಲದ ಮೇಲೆ ಹೊರಳಾಡಿಸಿತು. ಮೂತ್ರಪಿಂಡದಲ್ಲೂ ಲೆಕ್ಕ ಅದೇ: ನೀರು ಕಮ್ಮಿ, ಲವಣ ಜಾಸ್ತಿ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಎ.ಸಿ. ಕೆಳಗೆ ಹತ್ತು ತಾಸು ಕೂರುವ ನಮ್ಮಂಥವರಿಗೆ ಬಾಯಾರಿಕೆ ಗೊತ್ತೇ ಆಗುವುದಿಲ್ಲ.

ಕಲ್ಲಾಯಿತೆಂದರೆ ಹಾಲು, ಮೊಸರು ಬಿಡು ಎನ್ನುವವರು ನೂರು ಜನ. ಇದು ತಿರುಗುಮುರುಗು ಸಲಹೆ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಮಲದ ಜೊತೆ ಹೋಗುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟು ನೇರ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ. ಪಾಲಕ್ ತಿನ್ನುವುದಾದರೆ ಜೊತೆಗೆ ಮೊಸರಿರಲಿ. ಉಪ್ಪು ಕಡಿಮೆ ಮಾಡಿ. ಕಲ್ಲಾದವರಿಗೆ ವೈದ್ಯರು ಹೇಳುವ ದಿನದ ಅಳತೆ ಎರಡೂವರೆ ಲೀಟರ್. ಅದು ಕುಡಿಯುವ ನೀರಿನ ಲೆಕ್ಕವಲ್ಲ, ಹೊರಹೋಗುವ ಮೂತ್ರದ್ದು.