ಊರಿನ ಷೇರುಪೇಟೆಗಳು ಮತ್ತು ತೆರೆದ ಮಾರುಕಟ್ಟೆ

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ಸ್ಥಾಪನೆಯಾಯಿತು. 1959ರಲ್ಲಿ ದಾಂಡೇಲಿಯಲ್ಲಿ ಅದರ ಯಂತ್ರಗಳು ಕಾಗದ ಹೊರತರಲು ಶುರುಮಾಡಿದವು. ಸುತ್ತಲ ಕಾಡಿನ ಬಿದಿರು, ಕಾಳಿ ನದಿಯ ನೀರು ಈ ಜಾಗ ಆರಿಸಲು ಕಾರಣ. ಊರಿನವರಿಗೆ ಅದು ಇಂದಿಗೂ ಬರೀ ‘ಪೇಪರ್ ಮಿಲ್’. ಕಂಪನಿಯ ನೋಂದಾಯಿತ ಕಚೇರಿ ಇರುವುದು ದಾಂಡೇಲಿಯ ಬಂಗೂರನಗರದಲ್ಲೇ. ಅದರ ಷೇರು ಮಾತ್ರ ದಿನವೂ ಕೈ ಬದಲಾಯಿಸುವುದು ಮುಂಬೈನ ಎರಡು ವಿನಿಮಯ ಕೇಂದ್ರಗಳಲ್ಲಿ. ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಕಾರ್ಖಾನೆಯ ಷೇರಿಗೂ ದೇಶದ, ಆಮೇಲೆ ಜಗತ್ತಿನ ಹಣಕ್ಕೂ ನಂಟು ಬೆಳೆದ ಬಗೆಯಲ್ಲಿ ಭಾರತದ ಪ್ರಾದೇಶಿಕ ಷೇರುಪೇಟೆಗಳ ಇಡೀ ಕಥೆ ಅಡಗಿದೆ.

ಸ್ವಾತಂತ್ರ್ಯಾನಂತರ ಷೇರುಪೇಟೆಗಳನ್ನು ಸರ್ಕಾರದ ಅಂಕೆಗೆ ತಂದದ್ದು 1956ರ ಸೆಕ್ಯುರಿಟೀಸ್ ಕಾಂಟ್ರಾಕ್ಟ್ಸ್ ಕಾಯಿದೆ. ಅದರಂತೆ ಮಾನ್ಯತೆ ಪಡೆದ ಪೇಟೆಗಳಲ್ಲಿ ಮಾತ್ರ ಷೇರು ವ್ಯವಹಾರ ನಡೆಯಬೇಕು. ಮುಂಬೈ, ಕೊಲ್ಕತ್ತ, ಮದ್ರಾಸ್, ಅಹಮದಾಬಾದ್ ಪೇಟೆಗಳು ಹಳೆಯವು. ಬೆಂಗಳೂರು ಷೇರುಪೇಟೆ 1957ರಲ್ಲಿ ಸ್ಥಾಪನೆಯಾಗಿ 1963ರಲ್ಲಿ ಮಾನ್ಯತೆ ಪಡೆಯಿತು. ಎರಡು ದಶಕಗಳ ಬಳಿಕ, 1985ರಲ್ಲಿ, ಮಂಗಳೂರಿಗೂ ತನ್ನದೇ ಷೇರುಪೇಟೆ ಬಂತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ನಾಟಕ ಬ್ಯಾಂಕ್‌ಗಳನ್ನು ಹುಟ್ಟುಹಾಕಿದ ಜಿಲ್ಲೆಗೆ ಅದು ಸಹಜವೇ ಆಗಿತ್ತು. 1990ರ ದಶಕದ ನಡುವಿನ ಹೊತ್ತಿಗೆ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಷೇರುಪೇಟೆಗಳಿದ್ದವು.

ಇವುಗಳನ್ನು ಬದುಕಿಸಿದ್ದು ಒಂದು ನಿಯಮ. ಸಾರ್ವಜನಿಕರಿಂದ ಬಂಡವಾಳ ಎತ್ತುವ ಕಂಪನಿ ತನ್ನ ನೋಂದಾಯಿತ ಕಚೇರಿ ಇರುವ ಪ್ರದೇಶದ ಪೇಟೆಯಲ್ಲಿ ಷೇರುಗಳನ್ನು ಪಟ್ಟಿಮಾಡಿಸಲೇಬೇಕಿತ್ತು. ಮುಂಬೈಯಲ್ಲಿ ಪಟ್ಟಿಯಾಗಿದ್ದರೂ ಊರಿನ ಪೇಟೆಗೆ ವಾರ್ಷಿಕ ಶುಲ್ಕ ಕಟ್ಟಬೇಕು, ವರದಿ ಕೊಡಬೇಕು. ಉಳಿತಾಯದ ಹಣ ಆಯಾ ಪ್ರದೇಶದ ಉದ್ಯಮಕ್ಕೇ ಸಿಗಬೇಕು, ಹೂಡಿಕೆದಾರನಿಗೆ ಪರಿಚಯದ ದಲ್ಲಾಳಿ ಹತ್ತಿರದಲ್ಲಿರಬೇಕು ಎಂಬುದು ಇದರ ಹಿಂದಿನ ಯೋಚನೆ. ಯೋಚನೆ ಒಳ್ಳೆಯದೇ. ಆದರೆ ‘ಹತ್ತಿರ’ ಎನ್ನುವುದು ದಾಂಡೇಲಿ, ಹಳಿಯಾಳಗಳ ಮಟ್ಟಿಗೆ ನಿಜವಾಗಿರಲಿಲ್ಲ. ಸುಮಾರು 75 ಕಿ.ಮೀ. ದೂರದ ಹುಬ್ಬಳ್ಳಿ ಈ ಭಾಗದ ವ್ಯಾಪಾರ ಕೇಂದ್ರವಾದರೂ ಅಲ್ಲಿ ಮಾನ್ಯತೆ ಪಡೆದ ಷೇರುಪೇಟೆ ಇರಲಿಲ್ಲ. ಉತ್ತರ ಕನ್ನಡದ ಮುಂಡಗೋಡದಲ್ಲಿ ಯಾರಾದರೂ ಷೇರು ಮಾರಬೇಕೆಂದರೆ ಉಪದಲ್ಲಾಳಿಯನ್ನು ಹುಡುಕಬೇಕು, ಅವನು ಬೆಂಗಳೂರಿನ ದಲ್ಲಾಳಿಗೆ ಫೋನ್ ಮಾಡಬೇಕು. ಮಾರಿದ ಬೆಲೆ ಎಷ್ಟೆಂಬುದು ದಲ್ಲಾಳಿಯ ಚೀಟಿ ಕೈಗೆ ಬಂದಾಗ ತಿಳಿಯುತ್ತಿತ್ತು. ಆ ಬೆಲೆ ಸರಿಯೇ ಎಂದು ನೋಡಲು ಮರುದಿನದ ಪತ್ರಿಕೆಯೊಂದೇ ಆಧಾರ.

ಷೇರು ಎಂದರೆ ಆಗ ಕಾಗದದ ಪತ್ರ. ಮಾರಿದವನು ವರ್ಗಾವಣೆ ಪತ್ರಕ್ಕೆ ಸಹಿಹಾಕಿ ಷೇರು ಪತ್ರದ ಜೊತೆ ಕೊಡಬೇಕು. ಕೊಂಡವನು ಅದಕ್ಕೆ ಸ್ಟಾಂಪು ಹಚ್ಚಿ ಕಂಪನಿಗೆ ಇಲ್ಲವೇ ಅದರ ರಿಜಿಸ್ಟ್ರಾರ್‌ಗೆ ಕಳಿಸಬೇಕು. ಹೆಸರು ಬದಲಿಸಿ ಪತ್ರ ಹಿಂತಿರುಗಿಸಲು ಕಾನೂನು ಕಂಪನಿಗೆ ಎರಡು ತಿಂಗಳ ಅವಕಾಶ ಕೊಟ್ಟಿತ್ತು. ಸಹಿ ಹೊಂದದಿದ್ದರೆ ಪತ್ರ ವಾಪಸು. ಟಪಾಲಿನಲ್ಲಿ ಕಳೆದರೆ ನಕಲು ಪತ್ರಕ್ಕಾಗಿ ಅಲೆದಾಟ.

ಆ ಕಾಲದ ಪೇಟೆಗಳ ನಡುವೆ ನಂಟು ಇರಲಿಲ್ಲವೆಂದಲ್ಲ. ಒಂದೇ ಕಂಪನಿಯ ಷೇರಿಗೆ ಬೆಂಗಳೂರಿನಲ್ಲಿ ಒಂದು ಬೆಲೆ, ಮುಂಬೈಯಲ್ಲಿ ಇನ್ನೊಂದು ಬೆಲೆ ಇರುತ್ತಿತ್ತು. ಅಗ್ಗವಿದ್ದಲ್ಲಿ ಕೊಂಡು ತುಟ್ಟಿಯಿದ್ದಲ್ಲಿ ಮಾರುವುದನ್ನೇ ಕಸುಬು ಮಾಡಿಕೊಂಡ ದಲ್ಲಾಳಿಗಳಿದ್ದರು. ಅವರ ವ್ಯಾಪಾರವೇ ಎರಡೂ ಬೆಲೆಗಳನ್ನು ಹತ್ತಿರ ತರುತ್ತಿತ್ತು. ಅರ್ಥಶಾಸ್ತ್ರ ಮಾರುಕಟ್ಟೆಗಳ ಜೋಡಣೆಯನ್ನು ಅಳೆಯುವುದು ಹೀಗೆಯೇ: ಒಂದೇ ಸರಕಿಗೆ ಎರಡು ಕಡೆ ಇರುವ ಬೆಲೆಯ ಅಂತರ ಎಷ್ಟು, ಅದು ಎಷ್ಟು ಬೇಗ ಮುಚ್ಚಿಹೋಗುತ್ತದೆ? ಟ್ರಂಕ್ ಕಾಲ್ ಕಾಲದಲ್ಲಿ ನಿಧಾನವಾಗಿ ಮುಚ್ಚುತ್ತಿದ್ದ ಅಂತರ ಈಗ ಕ್ಷಣಾರ್ಧದಲ್ಲಿ ಮುಚ್ಚುತ್ತದೆ. ಆ ಅಂತರದಲ್ಲಿ ಸಿಗುತ್ತಿದ್ದ ಲಾಭ ಪ್ರಾದೇಶಿಕ ದಲ್ಲಾಳಿಯ ಆದಾಯದ ಒಂದು ಭಾಗವಾಗಿತ್ತು ಎಂಬುದನ್ನು ಗಮನಿಸಬೇಕು. ಅವನ ಮುಂದಿನ ಕಷ್ಟಕ್ಕೆ ಕಾರಣ ಇಲ್ಲಿದೆ.

1991ರ ಜುಲೈನ ಆರ್ಥಿಕ ಸುಧಾರಣೆಗಳ ಬೆನ್ನಿಗೇ ಬಂಡವಾಳ ಮಾರುಕಟ್ಟೆ ತೆರೆಯಿತು. ಅಲ್ಲಿಯವರೆಗೆ ಕಂಪನಿ ಎಷ್ಟು ಷೇರು, ಯಾವ ಬೆಲೆಗೆ ಬಿಡಬೇಕೆಂದು ದೆಹಲಿಯ ಬಂಡವಾಳ ನಿಯಂತ್ರಣಾಧಿಕಾರಿಯ ಕಚೇರಿ ಹೇಳುತ್ತಿತ್ತು. ಆ ಅಧಿಕಾರ ಕೊಟ್ಟಿದ್ದ 1947ರ ಕಾಯಿದೆ 1992ರಲ್ಲಿ ರದ್ದಾಯಿತು. 1988ರಿಂದ ಇದ್ದ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಗೆ ಅದೇ ವರ್ಷ ಶಾಸನದ ಬಲ ಬಂತು. 1992ರ ಸೆಪ್ಟೆಂಬರಿನಲ್ಲಿ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ಭಾರತದ ಷೇರು ಕೊಳ್ಳಲು ಅನುಮತಿ ಸಿಕ್ಕಿತು. ಒಂದು ಕಂಪನಿಯಲ್ಲಿ ಅಂಥವರೆಲ್ಲ ಸೇರಿ ಶೇ. 24, ಒಬ್ಬೊಬ್ಬರಿಗೆ ಶೇ. 5ರ ಮಿತಿ ಹಾಕಲಾಗಿತ್ತು. ಮುಂದೆ ಮಿತಿ ಸಡಿಲವಾಯಿತು. ಬಂಡವಾಳ ಹುಡುಕಿಕೊಂಡು ಭಾರತದ ಕಂಪನಿಗಳೂ ಹೊರಗೆ ಹೋದವು. 1993ರಲ್ಲಿ ತಲಾ 95 ರೂಪಾಯಿಗೆ ಷೇರು ಬಿಟ್ಟ ಇನ್ಫೋಸಿಸ್, 1999ರ ಮಾರ್ಚಿನಲ್ಲಿ ಅಮೆರಿಕದ ನ್ಯಾಸ್‌ಡ್ಯಾಕ್‌ನಲ್ಲಿ ಪಟ್ಟಿಯಾದ ಮೊದಲ ಭಾರತೀಯ ಕಂಪನಿ. ಬೆಂಗಳೂರು ಷೇರುಪೇಟೆಯ ಪಟ್ಟಿಯಲ್ಲಿದ್ದ ಕಂಪನಿ ಆರು ವರ್ಷಗಳಲ್ಲಿ ನ್ಯೂಯಾರ್ಕ್ ತಲುಪಿತು. ಬೆಂಗಳೂರು ಷೇರುಪೇಟೆ ಇದ್ದಲ್ಲಿಯೇ ಉಳಿಯಿತು.

ಊರಿನ ಪೇಟೆಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ವಿದೇಶಿ ಹಣದಿಂದಲ್ಲ. 1992ರಲ್ಲಿ ಹುಟ್ಟಿದ ರಾಷ್ಟ್ರೀಯ ಷೇರುಪೇಟೆ, ಎನ್‌ಎಸ್‌ಇ, 1994ರ ನವೆಂಬರಿನಲ್ಲಿ ಷೇರು ವಹಿವಾಟು ಆರಂಭಿಸಿತು. ಅದಕ್ಕೆ ಕೂಗಿ ವ್ಯಾಪಾರ ಮಾಡುವ ಅಂಗಳವೇ ಇರಲಿಲ್ಲ. ದಲ್ಲಾಳಿಯ ಛಾವಣಿಯ ಮೇಲಿನ ಉಪಗ್ರಹ ಆಂಟೆನಾ, ಮೇಜಿನ ಮೇಲಿನ ಕಂಪ್ಯೂಟರ್ ಸಾಕಿತ್ತು. ಮುಂಬೈಯ ಹಳೆಯ ಪೇಟೆ ಬಿಎಸ್‌ಇ ಕೂಡ 1995ರಲ್ಲಿ ತೆರೆಯ ಮೇಲಿನ ವ್ಯಾಪಾರಕ್ಕೆ ಬಂತು, ಆಮೇಲೆ ಬೇರೆ ಊರುಗಳಿಗೂ ಹಬ್ಬಿತು. 1996ರ ಡಿಪಾಸಿಟರಿ ಕಾಯಿದೆ ಕಾಗದದ ಷೇರನ್ನು ಡಿಮ್ಯಾಟ್ ಖಾತೆಯ ಅಂಕಿಯಾಗಿಸಿತು. ಬೆಂಗಳೂರಿನ ದಲ್ಲಾಳಿ ಕಾಣುವ ಬೆಲೆಯನ್ನೇ ಹುಬ್ಬಳ್ಳಿಯ ದಲ್ಲಾಳಿಯೂ ಅದೇ ಗಳಿಗೆಯಲ್ಲಿ ಕಂಡ ಮೇಲೆ ಮಧ್ಯದ ಪೇಟೆಯ ಅಗತ್ಯವೇ ಪ್ರಶ್ನೆಯಾಯಿತು.

ಷೇರು ವ್ಯಾಪಾರಕ್ಕೆ ಒಂದು ಸ್ವಭಾವವಿದೆ. ಕೊಳ್ಳುವವರು ಹೆಚ್ಚಿರುವ ಕಡೆಗೇ ಮಾರುವವರು ಹೋಗುತ್ತಾರೆ, ಮಾರುವವರು ಹೆಚ್ಚಿರುವ ಕಡೆಗೆ ಕೊಳ್ಳುವವರು. ವಾರದ ಸಂತೆಯಂತೆಯೇ ಇದೂ: ಜನ ಸೇರುವ ಸಂತೆ ಬೆಳೆಯುತ್ತದೆ, ಪಕ್ಕದ ಊರಿನದು ಸೊರಗುತ್ತದೆ. ಪ್ರಾದೇಶಿಕ ಪೇಟೆಗಳು ಇದನ್ನು ಅರಿತು ಒಂದಾಗಲು ನೋಡಿದವು. 1998ರಲ್ಲಿ ಹುಟ್ಟಿದ ಇಂಟರ್‌ಕನೆಕ್ಟೆಡ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಬೆಂಗಳೂರು, ಮಂಗಳೂರು, ಕೊಚ್ಚಿ, ಕೊಯಮತ್ತೂರು, ಹೈದರಾಬಾದ್ ಮುಂತಾದ ಪೇಟೆಗಳು ಸೇರಿದವು. ನವಿ ಮುಂಬೈನ ವಾಶಿಯಲ್ಲಿ ಕಚೇರಿ. 1999ರ ಫೆಬ್ರುವರಿಯಲ್ಲಿ ವಹಿವಾಟು ಶುರು. ಚಿಕ್ಕ ಪೇಟೆಗಳ ಆದೇಶಗಳೆಲ್ಲ ಒಂದೇ ತೆರೆಗೆ ಬಂದರೆ ದೊಡ್ಡ ಪೇಟೆಯಷ್ಟೇ ವಹಿವಾಟು ಆದೀತೆಂಬ ಲೆಕ್ಕಾಚಾರ ಕಾಗದದ ಮೇಲೆ ಸರಿಯಿತ್ತು. ಅಷ್ಟರಲ್ಲಿ ಎನ್‌ಎಸ್‌ಇಗೆ ನಾಲ್ಕು ವರ್ಷಗಳ ಮುನ್ನಡೆ ಸಿಕ್ಕಿಬಿಟ್ಟಿತ್ತು. ಆ ಮುನ್ನಡೆಯನ್ನು ಒಕ್ಕೂಟ ದಾಟಲಿಲ್ಲ.

ಇನ್ನುಳಿದ ಆಸರೆಗಳೂ ಒಂದೊಂದಾಗಿ ಕಳಚಿದವು. ಹಿಂದೆ ಒಂದೊಂದು ಪೇಟೆಗೆ ಒಂದೊಂದು ಲೆಕ್ಕ ತೀರುವಳಿಯ ವಾರವಿತ್ತು. ಒಂದು ಕಡೆ ವಾರ ಮುಗಿಯುವಾಗ ವ್ಯವಹಾರವನ್ನು ಇನ್ನೊಂದು ಕಡೆಗೆ ದಾಟಿಸಿ, ಹಣ ಕೊಡದೆಯೇ ಜೂಜಾಟ ಮುಂದುವರಿಸಬಹುದಿತ್ತು. ಬಾಕಿಯನ್ನು ಬಡ್ಡಿಯ ಮೇಲೆ ಮುಂದಕ್ಕೆ ಒಯ್ಯುವ ‘ಬದ್ಲಾ’ ಪದ್ಧತಿಯೂ ಇತ್ತು. 2001ರ ಷೇರುಪೇಟೆ ಹಗರಣದಲ್ಲಿ ಕೊಲ್ಕತ್ತ ಷೇರುಪೇಟೆಯ ಪಾವತಿ ವ್ಯವಸ್ಥೆಯೇ ಕುಸಿಯಿತು. ಅದೇ ವರ್ಷದ ಜುಲೈನಲ್ಲಿ ಸೆಬಿ ಬದ್ಲಾ ನಿಲ್ಲಿಸಿ, ಎಲ್ಲೆಡೆ ಒಂದೇ ಬಗೆಯ ದಿನದಿನದ ತೀರುವಳಿಯನ್ನು ಜಾರಿಗೆ ತರತೊಡಗಿತು. ಸಣ್ಣ ಹೂಡಿಕೆದಾರರ ದೃಷ್ಟಿಯಿಂದ ಆಗಲೇಬೇಕಿದ್ದ ಸುಧಾರಣೆ ಅದು. ಚಿಕ್ಕ ಪೇಟೆಗಳ ಉಳಿದ ವಹಿವಾಟನ್ನೂ ಅದೇ ಕಸಿದುಕೊಂಡಿತು. ಎನ್‌ಎಸ್‌ಇ ಅಥವಾ ಬಿಎಸ್‌ಇಯಲ್ಲಿ ಪಟ್ಟಿಯಾದ ಕಂಪನಿ ಊರಿನ ಪೇಟೆಯಿಂದ ಹೊರಬರಲು 2003ರ ಮಾರ್ಗಸೂಚಿ ದಾರಿ ಮಾಡಿಕೊಟ್ಟಿತು. ಪಟ್ಟಿ ಶುಲ್ಕವೂ ಕೈತಪ್ಪಿತು.

ಬೆಂಗಳೂರು ಪೇಟೆ ಬಿಜಿಎಸ್‌ಇ ಫೈನಾನ್ಶಿಯಲ್ಸ್ ಎಂಬ ಅಂಗಸಂಸ್ಥೆ ಕಟ್ಟಿ, ಮುಂಬೈನ ದೊಡ್ಡ ಪೇಟೆಗಳ ಸದಸ್ಯತ್ವ ಪಡೆಯಿತು. ಬೆಂಗಳೂರಿನ ದಲ್ಲಾಳಿಗಳು ಅದರಡಿ ಉಪದಲ್ಲಾಳಿಗಳಾಗಿ ವ್ಯಾಪಾರ ಮಾಡಿದರು. ವಾರ್ಷಿಕ 1,000 ಕೋಟಿ ರೂಪಾಯಿ ವಹಿವಾಟು ಇಲ್ಲದ ಪೇಟೆಗಳು ಹೊರಬೀಳಬೇಕೆಂದು ಸೆಬಿ 2012ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿತು. 2014ರ ಮಾರ್ಚಿನಲ್ಲಿ ಮಂಗಳೂರು, ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲು ಇಂಟರ್‌ಕನೆಕ್ಟೆಡ್, ಹಿಂದೆಯೇ ಬೆಂಗಳೂರು ಷೇರುಪೇಟೆ ಬಾಗಿಲು ಹಾಕಿದವು.

ಪೇಪರ್ ಮಿಲ್‌ನಂಥ, ಮುಂಬೈಯಲ್ಲೂ ಪಟ್ಟಿಯಾಗಿದ್ದ ಕಂಪನಿಗಳ ಷೇರುದಾರರಿಗೆ ಇದರಿಂದ ನಷ್ಟವಾಗಲಿಲ್ಲ. ನಷ್ಟವಾದದ್ದು ಊರಿನ ಪೇಟೆಯೊಂದರಲ್ಲೇ ಪಟ್ಟಿಯಾಗಿದ್ದ ಸಣ್ಣ ಕಂಪನಿಗಳ ಷೇರುದಾರರಿಗೆ. ಅಂಥ ಕಂಪನಿಗಳನ್ನು ದೊಡ್ಡ ಪೇಟೆಗಳ ‘ಪ್ರಸರಣ ಫಲಕ’ಕ್ಕೆ ಸೇರಿಸಲಾಯಿತು. ಅಲ್ಲಿ ಕೊಳ್ಳುವ, ಮಾರುವ ಇಚ್ಛೆಯನ್ನು ತಿಳಿಸಬಹುದಿತ್ತು, ನಿಯಮಿತ ವಹಿವಾಟು ಇರಲಿಲ್ಲ. ಷೇರುದಾರರಿಗೆ ಹೊರಬರುವ ದಾರಿ ಕೊಡಿ ಎಂದು ಸೆಬಿ ಆ ಕಂಪನಿಗಳಿಗೆ ಗಡುವು ವಿಧಿಸಿದ್ದು 2016ರಲ್ಲಿ. ಸುಧಾರಣೆಯ ಈ ಭಾಗ ತಡವಾಯಿತು, ಬೆಲೆ ತೆತ್ತವರು ಸಣ್ಣವರೇ. ಸಣ್ಣ ಉದ್ಯಮಗಳಿಗೆಂದು ಎರಡೂ ದೊಡ್ಡ ಪೇಟೆಗಳು 2012ರಲ್ಲಿ ಪ್ರತ್ಯೇಕ ವೇದಿಕೆ ತೆರೆದಿವೆ. ಊರಿನ ಪೇಟೆ ಮಾಡಬೇಕಿದ್ದ ಕೆಲಸವನ್ನು ಈಗ ಮುಂಬೈಯೇ ಮಾಡುತ್ತಿದೆ.

ದೇಶದೊಳಗಿನ ಪೇಟೆಗಳು ಹೀಗೆ ಒಂದಾಗುತ್ತಿದ್ದಾಗಲೇ ಹೊರಗಿನ ಪೇಟೆಗಳೊಡನೆ ನಂಟು ಬಲಿಯುತ್ತಿತ್ತು. 1997ರಲ್ಲಿ ಥಾಯ್ಲೆಂಡಿನಲ್ಲಿ ಶುರುವಾದ ಆರ್ಥಿಕ ಬಿಕ್ಕಟ್ಟು ಇಂಡೋನೇಷ್ಯಾ, ಕೊರಿಯಾಗಳನ್ನು ಕೆಡವಿತು. ಹಣ ಒಳಬರಲು, ಹೊರಹೋಗಲು ಭಾರತ ಪೂರ್ತಿ ಬಾಗಿಲು ತೆರೆದಿರಲಿಲ್ಲ. ಇಲ್ಲಿ ತಟ್ಟಿದ ಬಿಸಿ ಕಡಿಮೆ ಇದ್ದದ್ದಕ್ಕೆ ಅದೂ ಒಂದು ಕಾರಣ. 2008ರಲ್ಲಿ ಪರಿಸ್ಥಿತಿ ಬೇರೆಯಿತ್ತು. ಜನವರಿಯಲ್ಲಿ 21,000 ದಾಟಿದ್ದ ಬಿಎಸ್‌ಇ ಸೂಚ್ಯಂಕ ಸೆನ್ಸೆಕ್ಸ್ ವರ್ಷದ ಕೊನೆಗೆ 10,000ಕ್ಕಿಂತ ಕೆಳಗಿತ್ತು. ಆ ಬಿಕ್ಕಟ್ಟಿನ ಮೂಲವಾದ ಅಮೆರಿಕದ ಗೃಹಸಾಲಕ್ಕೂ ಭಾರತದ ಕಾರ್ಖಾನೆಗಳಿಗೂ ನೇರ ಸಂಬಂಧವಿರಲಿಲ್ಲ. ತಮ್ಮ ದೇಶದಲ್ಲಿ ಹಣದ ಅಡಚಣೆಗೆ ಸಿಲುಕಿದ ವಿದೇಶಿ ನಿಧಿಗಳು ಇಲ್ಲಿನ ಷೇರು ಮಾರಿದವು, ಅಷ್ಟೇ. ಕೋವಿಡ್ ಭೀತಿಯಲ್ಲಿ 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ. 13ರಷ್ಟು ಕುಸಿಯಿತು. ಶಾಂತ ಕಾಲದಲ್ಲಿ ಬೇರೆಬೇರೆ ದಾರಿ ಹಿಡಿಯುವ ಪೇಟೆಗಳು ಭಯದ ಕಾಲದಲ್ಲಿ ಒಟ್ಟಿಗೆ ಬೀಳುತ್ತವೆ. ಹಲವು ದೇಶಗಳಲ್ಲಿ ಹಣ ಹಂಚಿಟ್ಟರೆ ಅಪಾಯ ಕಡಿಮೆ ಎಂಬ ಸಲಹೆ, ಅದರ ಅಗತ್ಯ ಅತಿ ಹೆಚ್ಚಿರುವ ಹೊತ್ತಿನಲ್ಲೇ ಕೈಕೊಡುವುದು ಹೀಗೆ.

ಹಣದ ದಾರಿಯೊಂದೇ ನಂಟಿನ ದಾರಿಯಲ್ಲ. ಆಸಿಯಾನ್ ದೇಶಗಳೊಡನೆ ಸರಕು ವ್ಯಾಪಾರದ ಒಪ್ಪಂದ 2010ರಲ್ಲಿ ಜಾರಿಗೆ ಬಂದಮೇಲೆ ಅಲ್ಲಿನ ಕಾಗದದ ಮೇಲಿನ ಸುಂಕ ಇಳಿಯುತ್ತ ಹೋಯಿತು. ಇಂಡೋನೇಷ್ಯಾದ ಕಾಗದ ಅಗ್ಗವಾದರೆ ದಾಂಡೇಲಿಯ ಗಿರಣಿಯ ಲಾಭಕ್ಕೆ ಪೆಟ್ಟು, ಷೇರಿನ ಬೆಲೆಗೂ ಪೆಟ್ಟು. ಅದೇ ಗಿರಣಿಯ ಕಂಪನಿ 2019ರಲ್ಲಿ ಆಂಧ್ರದ ಕಾಗದ ಕಂಪನಿಯ ಒಡೆತನವನ್ನು ಅಮೆರಿಕದ ಇಂಟರ್‌ನ್ಯಾಷನಲ್ ಪೇಪರ್‌ನಿಂದ ಕೊಂಡಿತು. ಬಂಡವಾಳ ಹೊರಗಿನಿಂದ ಒಳಕ್ಕಷ್ಟೇ ಹರಿಯುವುದಿಲ್ಲ, ವಿದೇಶಿ ಒಡೆತನ ಭಾರತೀಯ ಕೈಗೆ ಮರಳುವುದೂ ಉಂಟು. ಹಳಿಯಾಳದ ಸಕ್ಕರೆ ಕಾರ್ಖಾನೆಯ ಹಾದಿ ಇನ್ನೊಂದು ಬಗೆಯದು. ಜಿಎಂಆರ್ ಗುಂಪಿನ ಕೈಯಲ್ಲಿದ್ದ ಅದು 2010ರಲ್ಲಿ ಚೆನ್ನೈನ ಮುರುಗಪ್ಪ ಗುಂಪಿನ ಇಐಡಿ ಪ್ಯಾರಿಗೆ ಸೇರಿತು. ಪ್ಯಾರಿಯ ಷೇರು ದೇಶದ ಎರಡೂ ಪೇಟೆಗಳಲ್ಲಿ ಓಡುತ್ತದೆ. ಆದರೂ ಸಕ್ಕರೆಯ ವಿಷಯದಲ್ಲಿ ಜಗತ್ತಿನ ನಂಟನ್ನು ಸರ್ಕಾರ ಬೇಕೆಂದಾಗ ಕಡಿಯಬಲ್ಲದು. 2022ರ ಜೂನಿನಿಂದ ರಫ್ತಿಗೆ ಕಡಿವಾಣ ಬಿದ್ದ ಮೇಲೆ ಹೊರಗೆ ಬೆಲೆ ಏರಿದರೂ ಅದರ ಪೂರ್ತಿ ಫಲ ಕಾರ್ಖಾನೆಗೆ ಸಿಗುವಂತಿರಲಿಲ್ಲ. ಕಬ್ಬಿನ ಬಿಲ್ಲಿಗೆ ಕಾಯುವ ಹಳಿಯಾಳದ ಬೆಳೆಗಾರನಿಗಂತೂ ಷೇರಿನ ಏರಿಳಿತಕ್ಕಿಂತ ಕೇಂದ್ರ ನಿಗದಿಮಾಡುವ ಕಬ್ಬಿನ ದರವೇ ಮುಖ್ಯ.

ಇದೇ ಜಿಲ್ಲೆಯ ಜೋಯಿಡಾ, ಮುಂಡಗೋಡಗಳಲ್ಲಿ ದಾಂಡೇಲಿಯಂಥ ದೊಡ್ಡ ಕಾರ್ಖಾನೆಗಳಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರು, ದಟ್ಟ ಕಾಡು, ಚದುರಿದ ಹಳ್ಳಿಗಳಿರುವ ಜೋಯಿಡಾದಲ್ಲಿ ಮೊಬೈಲ್ ಸಿಗ್ನಲ್ಲೇ ಸಿಗದ ಜಾಗಗಳಿವೆ. ಅಲ್ಲಿ ಷೇರುಪೇಟೆ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ತೀರ್ಮಾನಿಸುವುದು ಸೆಬಿಯ ನಿಯಮಕ್ಕಿಂತ ಹೆಚ್ಚಾಗಿ ಟವರ್. ಆದರೂ ಷೇರು ಎಂದೂ ಕೊಳ್ಳದವರು ಕೂಡ ಪೇಟೆಯೊಳಗೆ ಸೇರಿದ್ದಾರೆ. ಭವಿಷ್ಯನಿಧಿ ಸಂಸ್ಥೆ 2015ರ ಆಗಸ್ಟಿನಿಂದ ಹೊಸದಾಗಿ ಬರುವ ಹಣದ ಶೇ. 5ನ್ನು ಸೂಚ್ಯಂಕ ನಿಧಿಗಳಲ್ಲಿ ಹಾಕತೊಡಗಿ, ಮುಂದೆ ಅದನ್ನು ಶೇ. 15ಕ್ಕೆ ಏರಿಸಿತು. 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯವಾದ ಹೊಸ ಪಿಂಚಣಿ ಯೋಜನೆಯ ಹಣದ ಒಂದು ಪಾಲೂ ಷೇರಿಗೆ ಹೋಗುತ್ತದೆ. ಕಾಡಂಚಿನ ಶಾಲೆಯ ಶಿಕ್ಷಕಿಯ ನಿವೃತ್ತಿಯ ಹಣ ಹೀಗೆ ಮುಂಬೈ ಸೂಚ್ಯಂಕಕ್ಕೆ, ಅದರ ಮೂಲಕ ನ್ಯೂಯಾರ್ಕಿಗೆ ಗಂಟುಬಿದ್ದಿದೆ.

ಹಳೆಯ ಷೇರು ಪತ್ರಗಳು ಇನ್ನೂ ಪೆಟ್ಟಿಗೆಯಲ್ಲಿರುವ ಮನೆಗಳಿಗೆ ಎರಡು ಸಂಗತಿ ತಿಳಿದಿರಬೇಕು. 2019ರ ಏಪ್ರಿಲ್‌ನಿಂದ ಪಟ್ಟಿಯಾದ ಕಂಪನಿಗಳ ಕಾಗದದ ಷೇರನ್ನು ಮಾರಿ ವರ್ಗಾಯಿಸಲು ಬರುವುದಿಲ್ಲ, ಮೊದಲು ಡಿಮ್ಯಾಟ್ ಮಾಡಿಸಬೇಕು. ಸತತ ಏಳು ವರ್ಷ ಲಾಭಾಂಶ ಪಡೆಯದೇ ಬಿಟ್ಟರೆ ಆ ಹಣವೂ ಷೇರೂ ಕೇಂದ್ರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಹಾಗೆ ಹೋದದ್ದನ್ನು ವಾರಸುದಾರರು ದಾಖಲೆ ಕೊಟ್ಟು ಅರ್ಜಿ ಹಾಕಿ ಮರಳಿ ಪಡೆಯಬಹುದು.