ದೂರಪ್ರಯಾಣದ ಮೋಟಾರು ಸೈಕಲ್ಲಿಗೆ ಹೊಸ ಟೈರು

ಮೋಟಾರು ಸೈಕಲ್ಲನ್ನು ಕೊಳ್ಳುವಾಗ ಮನೆಮಂದಿಯೆಲ್ಲ ಕುಳಿತು ಬೆಲೆ, ಬಣ್ಣ, ಪೆಟ್ರೋಲಿನ ಖರ್ಚುಗಳನ್ನು ವಿಚಾರಿಸುವುದುಂಟು. ಟೈರು ಸವೆದಾಗಲಾದರೋ ಅಂಗಡಿಯವನು ಕೊಟ್ಟುದನ್ನೇ ಹಾಕಿಸಿಕೊಂಡು ಬರುವುದು ವಾಡಿಕೆ. 1980ರಲ್ಲಿ ಟಿ.ವಿ.ಎಸ್. 50 ಮೊಪೆಡ್ಡು ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಕಾಲದಿಂದಲೂ ದ್ವಿಚಕ್ರ ವಾಹನಗಳೊಡನೆ ಬಾಳುತ್ತಿರುವ ನಮ್ಮ ಸೀಮೆಯಲ್ಲಿಯೂ ಈ ಉದಾಸೀನ ತಪ್ಪಿಲ್ಲ. ಆದರೆ ಸವಾರನನ್ನೂ ಅವನ ಹಿಂದೆ ಕುಳಿತ ಮಡದಿ ಮಕ್ಕಳನ್ನೂ ನೆಲದ ಮೇಲೆ ಹಿಡಿದು ನಿಲ್ಲಿಸಿರುವುದು ಅಂಗೈಯಗಲದ ಎರಡು ತುಂಡು ರಬ್ಬರು ಮಾತ್ರ.

ಟೈರನ್ನು ಬದಲಾಯಿಸುವ ಕಾಲವನ್ನು ಟೈರೇ ತಿಳಿಸುತ್ತದೆ. ಅದರ ಮೈಮೇಲಿನ ಸಣ್ಣ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಆ ಉಬ್ಬುಗಳಿಗೆ ಸಮನಾದರೆ ಟೈರಿನ ಆಯುಸ್ಸು ಮುಗಿಯಿತು. ನೀರನ್ನು ಹೊರಹಾಕುವುದೇ ಈ ಕಾಲುವೆಗಳ ಕೆಲಸವಾದುದರಿಂದ, ಬೇಸಗೆಯಲ್ಲಿ ಹೇಗೋ ಓಡಿದ ಬೋಳು ಟೈರು ಹಿಂಗಾರು ಮಳೆಯಲ್ಲಿ ಜಾರುತ್ತದೆ. ಹೊಸೂರು-ಕೃಷ್ಣಗಿರಿ ಹೆದ್ದಾರಿಯಲ್ಲಿ ನಿತ್ಯ ನೇರವಾಗಿ ಓಡುವ ಗಾಡಿಯ ಹಿಂದಿನ ಟೈರು ನಟ್ಟನಡುವೆ ಸವೆದು ಚಪ್ಪಟೆಯಾಗುವುದೂ ಉಂಟು. ಅಂಥ ಗಾಡಿಯನ್ನು ತೊಪ್ಪೂರು ಘಟ್ಟದಂಥ ಇಳಿಜಾರಿನ ತಿರುವುಗಳಲ್ಲಿ ಬಾಗಿಸುವಾಗ ಹಿಡಿತ ಅಸ್ಥಿರವಾಗುತ್ತದೆ.

ಇನ್ನು ಆಯ್ಕೆ. ಟೈರಿನ ಪಕ್ಕದ ಬರಹವನ್ನು ಓದಲು ಕಲಿತವನು ಮೋಸಹೋಗಲಾರ. ಉದಾಹರಣೆಗೆ ‘110/90-18 61ಪಿ’ ಎಂದಿದ್ದರೆ ಅಗಲ 110 ಮಿಲಿಮೀಟರ್, ಎತ್ತರ ಅದರ ನೂರಕ್ಕೆ 90 ಭಾಗ, ಚಕ್ರದ ವ್ಯಾಸ 18 ಅಂಗುಲ. 61 ಎಂಬುದು 257 ಕಿಲೋಗ್ರಾಂ ಭಾರವನ್ನೂ, ‘ಪಿ’ ಎಂಬುದು ಗಂಟೆಗೆ 150 ಕಿಲೋಮೀಟರ್ ವೇಗವನ್ನೂ ಸೂಚಿಸುತ್ತವೆ. ಗಾಡಿಯ ಕೈಪಿಡಿಯಲ್ಲಿ ಹೇಳಿರುವ ಅಳತೆಯನ್ನೇ ಕೇಳಿ ಪಡೆಯಬೇಕು. ಅಂದಕ್ಕೆಂದು ಹೆಚ್ಚು ಅಗಲದ ಟೈರು ಹಾಕಿಸಿದರೆ ಅದು ರಿಮ್ಮಿನಲ್ಲಿ ಇರುಕಿಕೊಂಡು ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ. ಪಕ್ಕದಲ್ಲಿಯೇ ನಾಲ್ಕು ಅಂಕಿಗಳ ಇನ್ನೊಂದು ಗುರುತಿರುತ್ತದೆ. ‘2324’ ಎಂದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕುಳಿತ ಟೈರು ನೋಟಕ್ಕೆ ಹೊಸದಾದರೂ ಅದರ ರಬ್ಬರು ಗಡುಸಾಗಿರಬಹುದು.

ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ. ಮೃದು ರಬ್ಬರು ಬೇಗ ಸವೆದರೂ ಒದ್ದೆ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಹೆದ್ದಾರಿಯಲ್ಲಿಯೇ ಹೆಚ್ಚಾಗಿ ಸಂಚರಿಸುವವರಿಗೆ ಡಾಮರು ರಸ್ತೆಯ ಟೈರು ಸಾಕು. ದೇಂಕಣಿಕೋಟೆ, ಅಂಚೆಟ್ಟಿಗಳ ಕಡೆಯ ಹಳ್ಳಿಗಳ ಮಣ್ಣುದಾರಿಯನ್ನೂ ತುಳಿಯಬೇಕಾದವರಿಗೆ ಎರಡಕ್ಕೂ ಒಗ್ಗುವ ನಡುತರದ್ದು ಲೇಸು. ದಪ್ಪ ಗುಬಟುಗಳ ಟೈರು ಕೆಸರಿನಲ್ಲಿ ಶೂರನಾದರೂ ಡಾಮರಿನ ಮೇಲೆ ಬೇಗ ಸವೆಯುತ್ತದೆ, ಮಳೆಯಲ್ಲಿ ಹಿಡಿತವೂ ಕಡಮೆ.

ಟ್ಯೂಬಿರುವ ಚಕ್ರವಾದರೆ ಟೈರಿನೊಡನೆ ಟ್ಯೂಬನ್ನೂ ಹೊಸದಾಗಿಸುವುದು ಒಳ್ಳೆಯದು. ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇರಬೇಕು. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರಿನ್ನೂರು ಕಿಲೋಮೀಟರ್ ನಿಧಾನವಾಗಿ ಸಾಗಬೇಕು. ಗಾಳಿಯನ್ನು ಪ್ರಯಾಣಕ್ಕೆ ಮೊದಲು, ಟೈರು ತಣ್ಣಗಿರುವಾಗಲೇ ನೋಡಬೇಕು. ಹಿಂದೆ ಒಬ್ಬರು ಕುಳಿತು ಸಾಮಾನೂ ಸೇರಿದರೆ ಕೈಪಿಡಿ ಹೇಳಿದಷ್ಟು ಹೆಚ್ಚಿಸಬೇಕು.

ಟೈರಿಗೆ ತೆರುವ ಹಣವನ್ನು ಗಾಡಿಯ ಖರ್ಚೆಂದು ಬರೆಯದೆ ಮನೆಯವರ ಕ್ಷೇಮದ ಲೆಕ್ಕಕ್ಕೆ ಬರೆಯುವುದು ವಿವೇಕ. ಹೆಲ್ಮೆಟ್ಟು ಬಿದ್ದ ಮೇಲೆ ಕಾಯುತ್ತದೆ. ಒಳ್ಳೆಯ ಟೈರು ಬೀಳದಂತೆ ಕಾಯುತ್ತದೆ. ಎರಡೂ ಇರಲಿ.