ನಿಮಗಿದು ಗೊತ್ತೇ? ಹೆದ್ದಾರಿ ಬಿಟ್ಟುಹೋದ ಹಾದಿಗಳು

ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ ಎಲ್ಲ ಕಡೆಯೂ ಒಂದು ಪಿ.ಬಿ. ರೋಡ್ ಇದೆ. ಅವೆಲ್ಲ ಒಂದೇ ಹಳೆಯ ಪುಣೆ–ಬೆಂಗಳೂರು ಹೆದ್ದಾರಿಯ ತುಂಡುಗಳು. ಬೈಪಾಸ್ ಆದಮೇಲೆ ಲಾರಿಗಳು ಊರಾಚೆ ಹೋದವು, ಹೆಸರು ಪೇಟೆಯಲ್ಲೇ ಉಳಿಯಿತು.

ಕಿತ್ತೂರಿನ ಮಗ್ಗುಲಲ್ಲಿ ಹಾದುಹೋಗುವ ಆ ದಾರಿಗೆ ಬಹುಕಾಲ ಇದ್ದ ಸಂಖ್ಯೆ 4. ಅದು 48 ಆದದ್ದು 2010ರಲ್ಲಿ. ಅದಕ್ಕೂ ಹಿಂದೆ, ಬ್ರಿಟಿಷರ ಕಾಲದಲ್ಲಿ, ಅದು ಪುಣೆ–ಹರಿಹರ ರಸ್ತೆ. ಈ ರಸ್ತೆಯನ್ನು ತುಂಗಭದ್ರೆ ದಾಟಿಸಲು ಹರಿಹರದಲ್ಲಿ 1868ರಲ್ಲಿ ಕಟ್ಟಿದ ಸೇತುವೆಗೆ ತಲಾ 60 ಅಡಿ ಅಗಲದ 14 ಕಮಾನುಗಳು.

ವಾಹನ ಓಡಾಡದ ಡಾಂಬರು ಚೆನ್ನಾಗಿ ಉಳಿಯುತ್ತದೆ ಅಂದುಕೊಂಡಿದ್ದೀರಾ? ಬಿಸಿಲಿಗೆ ಅದರ ಅಂಟು ಒಣಗಿ ಪೆಡಸಾಗುತ್ತದೆ, ಸೀಳು ಬಿಡುತ್ತದೆ. ಆ ಸೀಳಿನಲ್ಲಿ ಮಳೆನೀರು ಇಳಿಯುತ್ತದೆ, ಅದರ ಹಿಂದೆಯೇ ಹುಲ್ಲಿನ ಬೇರು. ಹೆದ್ದಾರಿ ಬಿಟ್ಟುಹೋದ ಹಳೆಯ ತಿರುವುಗಳನ್ನು ನೋಡಬೇಕೆನ್ನುವವರು ತಡಮಾಡಬಾರದು.

ಬೆಳಗಾವಿ–ಧಾರವಾಡದ ನಡುವೆ ಈ ಹೆದ್ದಾರಿಗೆ ಸುರಂಗವಿಲ್ಲ. ಸುರಂಗ ಬೇಕಾದರೆ ಇದೇ ರಸ್ತೆ ಹಿಡಿದು ಸಾತಾರಾ ಜಿಲ್ಲೆಯ ಖಂಬಾಟಕಿ ಘಾಟಿಗೆ ಹೋಗಬೇಕು. ಅಲ್ಲಿ ಬಹುಕಾಲ ಪುಣೆಯತ್ತ ಹೋಗುವವರಿಗೆ ಸುರಂಗ, ಪುಣೆಯಿಂದ ಬರುವವರಿಗೆ ಘಾಟಿಯ ಏರಿಳಿತ.

ಬಳಕೆ ತಪ್ಪಿದ ಹೆದ್ದಾರಿ ಸುರಂಗಗಳೆಂದರೆ ಅಮೆರಿಕದ ಪೆನ್ಸಿಲ್ವೇನಿಯಾದವೇ ಪ್ರಸಿದ್ಧ. 1940ರಲ್ಲಿ ತೆರೆದ ಅಲ್ಲಿನ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ ನಾಲ್ಕು ಪಥದ್ದು, ಸುರಂಗದೊಳಗೆ ಮಾತ್ರ ಎರಡೇ ಪಥ. ಬಾಯಿಯ ಬಳಿ ವಾಹನಗಳು ಸಾಲುಗಟ್ಟಿ ನಿಲ್ಲತೊಡಗಿದವು. 1968ರಲ್ಲಿ ರೇಸ್ ಹಿಲ್, ಸೈಡ್‌ಲಿಂಗ್ ಹಿಲ್ ಸುರಂಗಗಳ ಸಮೇತ ಸುಮಾರು 21 ಕಿ.ಮೀ. ರಸ್ತೆಯನ್ನು ಕೈಬಿಟ್ಟು ಬೇರೆ ದಾರಿ ಮಾಡಿದರು. ಸೈಡ್‌ಲಿಂಗ್ ಹಿಲ್ ಸುರಂಗದ ಉದ್ದ 2 ಕಿ.ಮೀ.ಗೂ ಹೆಚ್ಚು, ಸೈಕಲ್ಲಿನವರು ದೀಪ ಹಚ್ಚಿಕೊಂಡೇ ಒಳಗೆ ಹೋಗುತ್ತಾರೆ. ಈ ಸುರಂಗಗಳನ್ನು ಮೊದಲು ತೋಡಲು ಹೊರಟದ್ದು 1880ರ ದಶಕದಲ್ಲಿ, ಕೊನೆಗೂ ಓಡದ ಒಂದು ರೈಲಿಗಾಗಿ!

ನೀರಿಗೂ ದಾರಿ ಬಿಡಬೇಕಾಗುತ್ತದೆ. ಸವದತ್ತಿ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟೆಯ ಹಿಂದೆ ತುಂಬುವ ರೇಣುಕಾ ಸಾಗರದ ಸಾಮರ್ಥ್ಯ 37.73 ಟಿಎಂಸಿ. ಹಳ್ಳಿಗಳೇ ಎದ್ದು ಬೇರೆಡೆ ನೆಲೆಗೊಂಡವು. ಹಿನ್ನೀರಿನತ್ತ, ಕಿತ್ತೂರಿನ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯ ಮಂಟಪ ಮಲಪ್ರಭೆಯ ಪಾತ್ರದಲ್ಲೇ ಇದೆ. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಉಳಿಸಿಕೊಂಡಿದ್ದಾರೆ. ಹೊರಗೆ ನದಿ ನಿಂತಿರುವಾಗ ಒಳಗೆ ಮೆಟ್ಟಿಲಿಳಿದು ದರ್ಶನ. ಹೆದ್ದಾರಿಯಲ್ಲಿ ಹೋಗುವವರು ಹತ್ತು ನಿಮಿಷ ಇಳಿಯಲೇಬೇಕಾದ ಜಾಗ ಇದು.

ರಾಮದುರ್ಗ–ನರಗುಂದದ ದಾರಿಗೂ ಇತಿಹಾಸವಿದೆ. 1858ರ ಮೇ 29ರ ರಾತ್ರಿ ಈ ದಾರಿಯ ಸುರೇಬಾನದಲ್ಲಿ ಬಿಡಾರ ಹೂಡಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಕೊಂದರು. ರುಂಡ ನರಗುಂದದ ಅಗಸೆಗೆ ತೂಗಿತು.

ಹಳೆಯ ಹಾದಿಗಳೆಲ್ಲ ಪಾಳುಬಿದ್ದಿವೆ ಎನ್ನಬೇಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರವಾದರೆ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಳು ಸವದತ್ತಿಯ ಎಲ್ಲಮ್ಮನ ಗುಡ್ಡದತ್ತ ಹೊರಡುತ್ತವೆ. ಗಾಡಿಯಲ್ಲಿ ಎತ್ತಿಗೆ ಮೇವು, ಮನೆಮಂದಿಗೆ ರೊಟ್ಟಿಬುತ್ತಿ, ಎತ್ತಿನ ಕೊರಳಲ್ಲಿ ಗೆಜ್ಜೆ, ಜನರ ಬಾಯಲ್ಲಿ ‘ಉಧೋ ಉಧೋ’. ನುಣುಪು ಡಾಂಬರಿನ ಮೇಲೆ ಲಾಳ ಹೊಡೆದ ಕಾಲೂ ಜಾರುತ್ತದೆ. ಎತ್ತಿಗೆ ಮಣ್ಣಿನ ಗಾಡಿದಾರಿಯೇ ಹಿತ.